ಫೋಟೋ ತೆಗೆಸಿಕೊಳ್ಳುವುದು

ನನ್ನ ಬಳಿ ಎರಡು ವಿಡಿಯೋಗಳಿವೆ. ಎರಡೂ ಒಂದೇ ದಿನದವು, ಒಂದೇ ಹೊಲದವು, ಹೆಚ್ಚುಕಡಿಮೆ ಒಂದೇ ಹೊತ್ತಿನವು. 2024ರ ಡಿಸೆಂಬರ್ 30, ಸೋಮವಾರ, ಎಳ್ಳ ಅಮವಾಸ್ಯೆ. ಹೊರ್ತಿಯಿಂದ ಎರಡು ಮೈಲು ದೂರದ ನಮ್ಮ ಹೊಲ. ಒಂದನ್ನು ನಾನು ಫೋನಿನಲ್ಲಿ ತೆಗೆದದ್ದು. ಇನ್ನೊಂದು ನನ್ನ ಮಗ ತೆಗೆದದ್ದು. ಆದರೆ ಅವನ ಕೈಯಲ್ಲಿ ಏನೂ ಇರಲಿಲ್ಲ. ಮೂಗಿನ ಮೇಲೆ ಕಪ್ಪು ಚೌಕಟ್ಟಿನ ಒಂದು ಕನ್ನಡಕ ಇತ್ತು, ಅಷ್ಟೆ. ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದವಳು ನಾನು. ಒಂದೇ ಪ್ರಶ್ನೆಗೆ ಇಬ್ಬರು ಬರೆದ ಉತ್ತರಗಳನ್ನು ಪಕ್ಕಪಕ್ಕ ಇಟ್ಟು ನೋಡುವುದು ಕೈಗಂಟಿದ ಚಟ. ಈ ಎರಡು ವಿಡಿಯೋಗಳನ್ನೂ ಹಾಗೆಯೇ ನೋಡಿದ್ದೇನೆ, ಎಷ್ಟು ಸಲವೋ ಲೆಕ್ಕವಿಲ್ಲ.

ಎಳ್ಳ ಅಮವಾಸ್ಯೆ ನಮ್ಮ ಕಡೆಯವರಿಗೆ ಎಂಥ ಹಬ್ಬವೆಂದು ತುಂಗಭದ್ರೆಯ ಆಚೆಯವರಿಗೆ ಹೇಳಿ ತಿಳಿಸುವುದು ಕಷ್ಟ. ಹಿಂಗಾರಿ ಜೋಳ ಹೊಡೆ ಹಾಯುವ ಕಾಲ. ಕಡಲೆ ಕಾಯಿ ಕಟ್ಟಿರುತ್ತದೆ, ಕುಸುಬಿ ಮುಳ್ಳು ಬಲಿತಿರುತ್ತದೆ. ಬೆಳಗಿನ ಜಾವಕ್ಕೆ ಎದ್ದು ಸಜ್ಜಿ ರೊಟ್ಟಿ, ಸಜ್ಜಿ ಕಡುಬು, ಎಳ್ಳು ಹೋಳಿಗೆ, ಶೇಂಗಾ ಹೋಳಿಗೆ, ಎಣ್ಣೆಗಾಯಿ, ಹತ್ತೆಂಟು ಕಾಳು ಸೊಪ್ಪು ಕೂಡಿದ ಬಜ್ಜಿ ಪಲ್ಲೆ ಎಲ್ಲ ಮಾಡಿ, ಬುಟ್ಟಿ ಕಟ್ಟಿಕೊಂಡು, ಒಂದು ಕಾಲಕ್ಕೆ ಚಕ್ಕಡಿಯಲ್ಲಿ, ಈಗ ಟ್ರ್ಯಾಕ್ಟರಿನಲ್ಲಿ ಹೊಲಕ್ಕೆ ಹೋಗುವುದು. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸಿ, ಬೆಳೆಯ ನಡುವೆ ಚರಗ ಚೆಲ್ಲಿ, ಆಮೇಲೆ ಎಲ್ಲರೂ ಕೂತು ಉಣ್ಣುವುದು. ಹೊಲದ ನೆರೆಯವರು ನಮ್ಮಲ್ಲಿಗೆ, ನಾವು ಅವರಲ್ಲಿಗೆ. ಆ ದಿನ ಊರೊಳಗೆ ನಾಯಿ ಕೂಡ ಇರುವುದಿಲ್ಲ ಎಂದು ನಮ್ಮ ಅತ್ತೆ ಅನ್ನುತ್ತಿದ್ದರು.

ಅತ್ತೆಗೆ ಆಗ ಎಂಬತ್ತು ದಾಟಿತ್ತು. ಮೊಮ್ಮಕ್ಕಳಿಗೆಲ್ಲ ಅವರು ಆಯಿ. ಈ ಬರಹದಲ್ಲೂ ಆಯಿ ಅಂತಲೇ ಕರೆಯುತ್ತೇನೆ.

ಮೊದಲು ನನ್ನ ಫೋನಿನದು. ನಾಲ್ಕು ನಿಮಿಷದ ವಿಡಿಯೋ. ಮೊದಲ ಹತ್ತು ಸೆಕೆಂಡು ಎಡ ಮೂಲೆಯಲ್ಲಿ ನನ್ನ ಬೆರಳು. ಆಮೇಲೆ ಆಯಿ. ನಾನು ಫೋನು ಎತ್ತಿದ್ದು ಕಂಡದ್ದೇ ಅವರು ಕೈಯಲ್ಲಿದ್ದ ಕಡುಬಿನ ಬುಟ್ಟಿ ಕೆಳಗಿಟ್ಟು, ಸೆರಗು ಎಳೆದು ತಲೆತುಂಬ ಹೊದ್ದು, ಎರಡೂ ಕೈ ಮೈಗೆ ಹಚ್ಚಿ ನಿಂತರು. ಶಾಲೆಯಲ್ಲಿ ಪ್ರಾರ್ಥನೆಗೆ ನಿಂತ ಹುಡುಗಿಯ ಹಾಗೆ. "ಸುರು ಆತೇನ?" ಎಂದು ಕೇಳುವುದು ವಿಡಿಯೋದಲ್ಲೇ ಇದೆ. "ಆತ್ರಿ, ಏನರ ಮಾತಾಡ್ರಿ" ಅಂದೆ. "ಏನ ಮಾತಾಡ್ಲಿ" ಎಂದು ಸುಮ್ಮನಾದರು. ಮುಂದೆ ಒಬ್ಬೊಬ್ಬರ ಮೇಲೂ ಫೋನು ಹಾಯುತ್ತದೆ. ಹಾಯ್ದವರೆಲ್ಲ ಮಾಡುತ್ತಿದ್ದ ಕೆಲಸ ಬಿಟ್ಟು ನಗುತ್ತಾರೆ, ಕೈ ಬೀಸುತ್ತಾರೆ. ತುತ್ತು ಬಾಯಿಗೆ ಒಯ್ಯುತ್ತಿದ್ದವರು ಅರ್ಧಕ್ಕೆ ನಿಲ್ಲಿಸುತ್ತಾರೆ. ನಾಲ್ಕು ನಿಮಿಷ ಯಾರೂ ಉಣ್ಣುವುದಿಲ್ಲ. ಹಬ್ಬದ ವಿಡಿಯೋ ಎಂದು ಹೆಸರು, ಅದರೊಳಗೆ ಹಬ್ಬ ನಿಂತುಹೋಗಿದೆ. ಪರೀಕ್ಷಕಳಾಗಿ ಇದಕ್ಕೆ ನೂರಕ್ಕೆ ನಲವತ್ತು ಕೊಟ್ಟೇನು, ಅದೂ ಬರವಣಿಗೆ ದುಂಡಗಿದೆ ಎಂಬ ಕಾರಣಕ್ಕೆ.

ಮಗನದು ಬೇರೆ ತರಹ. ಬೆಂಗಳೂರಿನ ಕಂಪನಿಯೊಂದರಲ್ಲಿ ಅವನಿಗೆ ಕೆಲಸ. ಆರು ತಿಂಗಳು ಅಮೆರಿಕಕ್ಕೆ ಕಳಿಸಿದ್ದರು, ಬರುವಾಗ ಆ ಕನ್ನಡಕ ತಂದಿದ್ದ. ಕಣ್ಣಿನ ಪಕ್ಕ, ಚೌಕಟ್ಟಿನ ಮೂಲೆಯಲ್ಲಿ, ಸಾಸಿವೆಯಷ್ಟಲ್ಲದಿದ್ದರೂ ಕಡಲೆಯಷ್ಟಾದರೂ ಇರುವ ಕ್ಯಾಮರಾ. ಕಡ್ಡಿಯ ಮೇಲಿನ ಗುಂಡಿ ಒತ್ತಿದರೆ ಒಂದು ಸಲಕ್ಕೆ ಮೂರು ನಿಮಿಷದ ತನಕ ವಿಡಿಯೋ. ಅವನು ತೆಗೆದದ್ದರಲ್ಲಿ ಯಾರೂ ನಿಂತಿಲ್ಲ. ಯಾರೂ ನಕ್ಕಿಲ್ಲ, ನಗು ಬಂದಾಗ ಬಿಟ್ಟರೆ. ಅವನು ತಲೆ ಬಗ್ಗಿಸಿದರೆ ತಾಟು, ಎತ್ತಿದರೆ ಆಯಿ, ತಿರುಗಿಸಿದರೆ ಜೋಳದ ತೆನೆ, ಆಚೆ ಸೋಲಾಪುರ ರಸ್ತೆಯ ಲಾರಿ. ಚಿತ್ರ ಅತ್ತಿತ್ತ ತೂಗಾಡುತ್ತದೆ, ನನಗೆ ಮೊದಲ ಸಲ ತಲೆ ತಿರುಗಿತು. ಅವನು ರೊಟ್ಟಿ ಕಡಿಯುವ ಸದ್ದೇ ಎಲ್ಲಕ್ಕಿಂತ ಜೋರು, ಕಡಕ್ ರೊಟ್ಟಿಯಾದ್ದರಿಂದ ಕಲ್ಲು ಒಡೆದ ಹಾಗೆ ಕೇಳುತ್ತದೆ. ಅವನು ಮಾತ್ರ ಎಲ್ಲೂ ಇಲ್ಲ. ಒಮ್ಮೆ ನೆಲದ ಮೇಲೆ ನೆರಳು ಬೀಳುತ್ತದೆ, ಅಷ್ಟೆ.

ಅದರೊಳಗೆ ಒಂದು ಗಳಿಗೆ ಇದೆ. ಆಯಿ ಬುಟ್ಟಿಯಿಂದ ಕಡುಬು ತೆಗೆದು, ತುದಿ ಮುರಿದು, ಕೈ ಚಾಚುತ್ತಾರೆ. ಆ ಕೈ ದೊಡ್ಡದಾಗುತ್ತ, ದೊಡ್ಡದಾಗುತ್ತ, ಪರದೆಯ ತುಂಬ ಆಗಿ ಕೆಳಗೆ ಮರೆಯಾಗುತ್ತದೆ. ಮಗನ ಬಾಯಿಗೆ ಇಟ್ಟದ್ದು ಅದು. ನೋಡುವವರಿಗೆ ತಮ್ಮ ಬಾಯಿಗೇ ಇಟ್ಟಂತೆ. ಆ ಬೆರಳಿನ ಮಡಿಕೆಗಳಲ್ಲಿ ಹಿಟ್ಟು ಕೂತಿರುವುದು ಕಾಣುತ್ತದೆ. ನಾನು ಮೂವತ್ತು ವರ್ಷ ಆ ಕೈಯ ಅಡಿಗೆ ಉಂಡವಳು, ಆ ಮಡಿಕೆ ನೋಡಿರಲಿಲ್ಲ. ಫೋನು ಹಿಡಿದ ಯಾರಿಗೂ ಇದು ಸಿಗುತ್ತಿರಲಿಲ್ಲ. ಫೋನು ಹಿಡಿದವನ ಬಾಯಿಗೆ ಯಾರೂ ತುತ್ತು ಇಡುವುದಿಲ್ಲ. ಇದಕ್ಕೆ ನೂರಕ್ಕೆ ತೊಂಬತ್ತು ಕೊಡಬೇಕು ಅಂದುಕೊಂಡಿದ್ದೆ.

ಕೊಡಲಿಲ್ಲ. ಅದರ ಕಾರಣ ಹೇಳುವ ಮೊದಲು ಈ ವಸ್ತುವಿನ ವಂಶಾವಳಿ ಸ್ವಲ್ಪ.

ಮೈಮೇಲೆ ಧರಿಸುವ ಕ್ಯಾಮರಾ ಮೊನ್ನೆ ಹುಟ್ಟಿದ್ದೆಂದು ಮಗ ತಿಳಿದಿದ್ದ. ಅದಕ್ಕೆ ನೂರಮೂವತ್ತು ವರ್ಷದ ಮೇಲಾಗಿದೆ. 1886ರ ಹೊತ್ತಿಗೇ ನ್ಯೂಯಾರ್ಕಿನ ಸ್ಟರ್ನ್ ಎಂಬವನು ಅಂಗಿಯ ಒಳಗೆ ಕೊರಳಿಗೆ ತೂಗುಹಾಕಿಕೊಳ್ಳುವ ತಟ್ಟೆಯಂಥ ಕ್ಯಾಮರಾ ಮಾರುತ್ತಿದ್ದ. ಗುಂಡಿಯ ಕಾಜಿನಿಂದ ಅದರ ಕಣ್ಣು ಹೊರಗೆ, ಕಿಸೆಯಲ್ಲಿ ದಾರದ ತುದಿ. ದಾರ ಎಳೆದರೆ ಫೋಟೋ. ಒಂದು ಗಾಜಿನ ತಟ್ಟೆಗೆ ಆರೇ ಚಿತ್ರ. ನಾರ್ವೆಯ ಕಾರ್ಲ್ ಸ್ಟೋರ್ಮರ್ ಎಂಬ ತರುಣ, ಮುಂದೆ ದೊಡ್ಡ ಗಣಿತಜ್ಞನಾದವನು, 1890ರ ದಶಕದಲ್ಲಿ ಇಂಥದೊಂದನ್ನು ಧರಿಸಿ ಊರಿನ ಮುಖ್ಯ ಬೀದಿಯಲ್ಲಿ ನಡೆದಾಡಿದ. ಎದುರು ಬಂದವರಿಗೆ ನಮಸ್ಕಾರ ಹೇಳುತ್ತಿದ್ದ, ಅವರು ಟೋಪಿ ಎತ್ತಿ ಮರುನಮಸ್ಕಾರ ಮಾಡುವಾಗ ದಾರ ಎಳೆಯುತ್ತಿದ್ದ. ನಾಟಕಕಾರ ಇಬ್ಸೆನ್ ಕೂಡ ಹಾಗೆ ಸಿಕ್ಕಿಬಿದ್ದಿದ್ದಾನೆ. ಸ್ಟುಡಿಯೋಗಳಲ್ಲಿ ಜನ ಬಿಗಿದುಕೊಂಡು ನಿಲ್ಲುತ್ತಿದ್ದ ಕಾಲದಲ್ಲಿ ಆ ಚಿತ್ರಗಳಲ್ಲಿ ಜನ ನಡೆಯುತ್ತಿದ್ದಾರೆ, ನಗುತ್ತಿದ್ದಾರೆ. ಅವು ಬಹಳ ಚೆಲುವಾದ ಚಿತ್ರಗಳು. ಅವರ ನಗು ಆ ಹುಡುಗನಿಗೆ ಕೊಟ್ಟದ್ದು, ಅವನ ಅಂಗಿಯೊಳಗಿನ ತಟ್ಟೆಗೆ ಅಲ್ಲ. ನಮಸ್ಕಾರವನ್ನೇ ಬಲೆಯಾಗಿ ಬೀಸಿದ ಎಂಬುದು ಮಾತ್ರ ನನ್ನ ಮನಸ್ಸಿಗೆ ಹತ್ತುವುದಿಲ್ಲ.

ಆಮೇಲಿನದು ಬೇಗ ಹೇಳಿ ಮುಗಿಸಬಹುದು. ಗೂಗಲಿನವರ ಕನ್ನಡಕ 2013ರಲ್ಲಿ ಒಂದೂವರೆ ಸಾವಿರ ಡಾಲರಿಗೆ ಬಂತು, ಹಾಕಿಕೊಂಡವರನ್ನು ಜನ ಬೈಯತೊಡಗಿದರು, 2015ರ ಜನವರಿಯಲ್ಲಿ ಮಾರುವುದು ನಿಂತಿತು. ಸ್ವೀಡನ್ನಿನವರು ಅರ್ಧ ನಿಮಿಷಕ್ಕೊಂದು ಫೋಟೋ ತಾನೇ ತೆಗೆಯುವ ಬಿಲ್ಲೆಯೊಂದನ್ನು ಮಾಡಿದರು. 2016ರಲ್ಲಿ ಆ ಕಂಪನಿ ಬಾಗಿಲು ಹಾಕಿತು. ದಿನಕ್ಕೆ ಸಾವಿರಗಟ್ಟಲೆ ಫೋಟೋ ಕೂಡಿದರೆ ಯಾರು ನೋಡಬೇಕು? ಈಗ ರೇ-ಬ್ಯಾನ್ ಮೆಟಾ ಕನ್ನಡಕ 2025ರ ಮೇ ತಿಂಗಳಿಂದ ನಮ್ಮ ದೇಶದಲ್ಲೂ ಮಾರಾಟಕ್ಕಿದೆ. ನೋಡಲಿಕ್ಕೆ ಸಾದಾ ಕನ್ನಡಕದಂತಿರುವುದೇ ಅದರ ಗೆಲುವು. ಮಂದಿಯ ಬೈಗುಳಕ್ಕೆ ಅವರು ಕಂಡುಕೊಂಡ ಉತ್ತರ ಅದು.

ಒಂದನ್ನು ಮಾತ್ರ ಬಿಡಲಾರೆ. ಮೈಕ್ರೋಸಾಫ್ಟ್‌ನ ಕೇಂಬ್ರಿಜ್ ಸಂಶೋಧನಾಲಯದವರು ಸೆನ್ಸ್‌ಕ್ಯಾಮ್ ಎಂಬ, ಕೊರಳಿಗೆ ತೂಗುಹಾಕಿಕೊಳ್ಳುವ ಕ್ಯಾಮರಾ ಮಾಡಿದ್ದರು. ಮಿದುಳಿನ ಉರಿಯೂತದಿಂದ ನೆನಪು ಕಳೆದುಕೊಂಡ, ಅರವತ್ತು ದಾಟಿದ ಒಬ್ಬ ಹೆಣ್ಣುಮಗಳಿಗೆ ಅಲ್ಲಿನ ವೈದ್ಯರು ಅದನ್ನು ಹಾಕಿಸಿದರು. ಗಂಡ ಹೆಂಡತಿ ಕೂತು ಎರಡು ದಿನಕ್ಕೊಮ್ಮೆ ಆ ಚಿತ್ರಗಳನ್ನು ನೋಡುತ್ತಿದ್ದರು. ತಿಂಗಳುಗಳಾದ ಮೇಲೂ ಆ ಘಟನೆಗಳಲ್ಲಿ ಹೆಚ್ಚಿನವು ಅವಳಿಗೆ ನೆನಪಿದ್ದವು. ದಿನಚರಿ ಬರೆದು ಓದಿಸಿದಾಗ ಅಷ್ಟು ಉಳಿಯುತ್ತಿರಲಿಲ್ಲ. ಇದನ್ನು ಓದಿದ ದಿನ ನನ್ನ ಮಗನ ಕನ್ನಡಕದ ಮೇಲಿನ ಸಿಟ್ಟು ಅರ್ಧ ಇಳಿದಿತ್ತು. ಅಲ್ಲಿ ಕ್ಯಾಮರಾ ಧರಿಸಿದವಳೂ ನೋಡಿದವಳೂ ಅವಳೇ. ಬಳಸಿದ್ದು ಅವಳ ಸಲುವಾಗಿಯೇ.

ಇನ್ನು ಕಾರಣ. ಕಡುಬಿನ ಆ ಕೈ ಮರೆಯಾದ ಮೇಲೆ ವಿಡಿಯೋ ಮುಂದುವರಿಯುತ್ತದೆ. ಮಗ ಉಣ್ಣುತ್ತಿದ್ದಾನೆ, ಪರದೆಯಲ್ಲಿ ಬರೀ ತಾಟು. ಹಿಂದೆ ಆಯಿಯ ದನಿ. ಹೊಲದ ನೆರೆಯ ಮುದುಕಿಯ ಜೊತೆ, ತಮ್ಮ ವಾರಿಗೆಯವಳ ಜೊತೆ, ಮಾತಾಡುತ್ತಿದ್ದಾರೆ. ಸೋಲಾಪುರದಲ್ಲಿರುವ ಸಣ್ಣ ಮಗನ ಮನೆಯ ವಿಚಾರ. ನನ್ನ ಮೈದುನ ಅವನು. "ಅಲ್ಲಿ ರೊಟ್ಟಿ ಎಣಿಸಿ ಹಾಕ್ತಾರವ್ವ. ಮೂರನೇದು ಬೇಡಾಕ ನಾಚಿಕಿ ಬರ್ತೈತಿ. ಹದಿನೈದ ದಿನಕ್ಕ ಜೀವ ಸಾಕಾಗಿ ಬಂದೆ." ಇಷ್ಟೇ. ಹಿರಿಯ ಹೆಂಗಸರು ಹೊಲದಲ್ಲಿ ಕೂತು ಆಡುವ ಮಾತು. ಗಾಳಿಗೆ ಬಂದು ಗಾಳಿಗೆ ಹೋಗುವಂಥದ್ದು. ನಾಳೆ ನನ್ನ ಬಗ್ಗೆಯೂ ಇನ್ನೊಂದು ಹೊಲದಲ್ಲಿ ಆಡಿರಬಹುದು, ಆಡಿಯೂ ಇದ್ದಾರು.

ಮಗ ಅದನ್ನು ಕೇಳಿಸಿಕೊಂಡಿರಲಿಲ್ಲ, ಕಿವಿಯಲ್ಲಿ ರೊಟ್ಟಿಯ ಸದ್ದು. ಆದರೆ ಕನ್ನಡಕದ ಮೈಕುಗಳು ಕೇಳಿಸಿಕೊಂಡಿದ್ದವು. ಕಡುಬು ತಿನ್ನಿಸುವ ಗಳಿಗೆ ಚೆಂದ ಬಂದಿದೆ ಎಂದು ಅವನು ಇಡೀ ಮೂರು ನಿಮಿಷದ್ದನ್ನು ಅಂದೇ ರಾತ್ರಿ ಮನೆತನದ ವಾಟ್ಸ್ಯಾಪ್ ಗುಂಪಿಗೆ ಹಾಕಿದ. ಮೂವತ್ತೊಂದು ಮಂದಿಯ ಗುಂಪು. ಮರುದಿನ ನಾನು ಶಾಲೆಯಲ್ಲಿರುವಾಗ ನೆಗೆಣ್ಣಿಯ ಫೋನು. ಏನೆಂದಳು ಎಂದು ಬರೆಯುವುದಿಲ್ಲ. ಮಗ ಸಂಜೆಗೆ ವಿಡಿಯೋ ಅಳಿಸಿದ. ಅಳಿಸಿದ ಮೇಲೆ, ನೋಡದಿದ್ದವರೂ ಅದರಲ್ಲಿ ಏನಿತ್ತೆಂದು ಕೇಳತೊಡಗಿದರು. ಆ ವರ್ಷ ಸಂಕ್ರಾಂತಿಗೆ ಸೋಲಾಪುರದಿಂದ ಯಾರೂ ಬರಲಿಲ್ಲ, ಯುಗಾದಿಗೂ ಬರಲಿಲ್ಲ.

ಆಯಿಗೆ ತಿಳಿಸದೆ ಇರಲು ನೋಡಿದೆವು. ತಿಳಿಯಿತು. "ನಾ ಅವರ ಮುಂದ ಅಂದದ್ದಲ್ಲ, ಗೆಳತಿ ಮುಂದ ಅಂದದ್ದು" ಅಂದರು. ಮೊಮ್ಮಗ ಕನ್ನಡಕ ತೋರಿಸಿ, ತೆಗೆಯುವಾಗ ಇಲ್ಲೊಂದು ಬಿಳಿ ದೀಪ ಉರಿಯುತ್ತದೆ ಆಯಿ, ಎದುರಿನವರಿಗೆ ತಿಳಿಯಲೆಂದೇ ಇಟ್ಟಿದ್ದಾರೆ ಎಂದ. ಆಯಿ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. ಒಂದು ಕಣ್ಣಿನ ಪೊರೆ ತೆಗೆಸಿತ್ತು, ಇನ್ನೊಂದರದು ಬಾಕಿ ಇತ್ತು. "ಕನ್ನಡಕಕ್ಕ ಕಿವಿ ಇರ್ತಾವಂತ ನನಗ ಯಾರ್ ಹೇಳಿದ್ರಪಾ?" ಎಂದು ಕೇಳಿ ಅವನ ಕೈಗೇ ಕೊಟ್ಟರು.

ಡಿಸೆಂಬರಿನ ನಡುಹಗಲು, ನಮ್ಮ ಸೀಮೆಯ ಬಿಸಿಲು, ಅಕ್ಕಿಕಾಳಿನಷ್ಟು ದೀಪ. ದೀಪ ಉರಿದರೆ ಸಾಲದು, ಅದರ ಅರ್ಥ ಎದುರಿನವರಿಗೆ ಗೊತ್ತಿರಬೇಕು. ಫೋನನ್ನು ಮುಖದೆದುರು ಎತ್ತಿ ಹಿಡಿಯುವುದು ಒಂದು ಭಾಷೆ. ಆಯಿಗೂ ಅದು ಓದಲು ಬರುತ್ತಿತ್ತು, ಓದಿ ಸೆರಗು ಹೊದ್ದಿದ್ದರು. ನಾನು ನಲವತ್ತು ಅಂಕ ಕೊಟ್ಟ ಆ ನಿಲುವು ಆಗ ನನಗೆ ಬೇರೆ ಥರ ಕಂಡಿತು. ಹೀಗೆ ನನ್ನನ್ನು ಇಟ್ಟುಕೊಳ್ಳಿರಿ ಎಂದು ಅವರು ಹೇಳಿದ್ದರು. ಕಡುಬಿನ ಕೈಯ ಬಗ್ಗೆ ಹಾಗೆ ಏನೂ ಹೇಳಿರಲಿಲ್ಲ.

ಕನ್ನಡ ಕಲಿಸುವವಳಾದ್ದರಿಂದ ಒಂದು ವ್ಯಾಕರಣದ ಮಾತು. ನಾವು 'ಫೋಟೋ ತೆಗೆಸಿಕೊಳ್ಳುವುದು' ಅನ್ನುತ್ತೇವೆ. ತೆಗೆ ಎಂಬ ಧಾತುವಿಗೆ 'ಇಸು' ಹತ್ತಿದೆ, ಅದರ ಮೇಲೆ 'ಕೊಳ್ಳು' ಕೂತಿದೆ. ಬೇರೆಯವರಿಂದ, ತನಗಾಗಿ. ಅಂಗಿ ಹೊಲಿಸಿಕೊಳ್ಳುವುದು, ಕ್ಷೌರ ಮಾಡಿಸಿಕೊಳ್ಳುವುದು, ಫೋಟೋ ತೆಗೆಸಿಕೊಳ್ಳುವುದು. ಕ್ಯಾಮರಾದವನು ಕತ್ತರಿ ಹಿಡಿದ ದರ್ಜಿಯ ಹಾಗೆ, ಅಳತೆ ನಮ್ಮದು. ಊರ ಜಾತ್ರೆಗೆ ಬಣ್ಣದ ಪರದೆ ಕಟ್ಟಿಕೊಂಡು ಬರುತ್ತಿದ್ದ ಫೋಟೋದವನ ಮುಂದೆ ನಮ್ಮ ಹಿರಿಯರು ಪರದೆಯ ತಾಜಮಹಲಿಗೆ ಬೆನ್ನು ಮಾಡಿ ನಿಂತದ್ದು ಹೀಗೆ ತೆಗೆಸಿಕೊಳ್ಳಲೆಂದೇ. ನನ್ನ ಮದುವೆಗೆ ಬಂದಿದ್ದ ಫೋಟೋಗ್ರಾಫರನ ಹತ್ತಿರ ಮೂವತ್ತಾರು ಚಿತ್ರದ ಎರಡು ರೀಲು, ಒಂದೊಂದಕ್ಕೂ ಯಾರು ನಿಲ್ಲಬೇಕೆಂದು ಹಿರಿಯರ ನಡುವೆ ಪಂಚಾಯ್ತಿ. ಫೋನು ಬಂದ ಮೇಲೆ ಈ 'ಇಸು' ಸಡಿಲವಾಯಿತು. ಕನ್ನಡಕದಲ್ಲಿ ಉದುರಿಯೇ ಹೋಯಿತು. ಅದರಲ್ಲಿ ತೆಗೆಯುವವನು ಮಾತ್ರ ಇದ್ದಾನೆ, ತೆಗೆಸಿಕೊಳ್ಳುವವರು ಇಲ್ಲ.

ಹಾಗೆಂದು ಫೋನನ್ನು ಹೊಗಳಲೂ ನನಗೆ ಬಾಯಿ ಬರುವುದಿಲ್ಲ. ಶಾಲೆಯಲ್ಲಿ ಇವತ್ತು ಏನು ಮಾಡಿದರೂ ಫೋಟೋ ಬೇಕು. ಗಿಡ ನೆಟ್ಟರೆ ಫೋಟೋ, ಕೈ ತೊಳೆಸಿದರೆ ಫೋಟೋ. ತತ್ತಿ ಕೊಡುವ ದಿನ ತತ್ತಿ ಹಿಡಿದ ಮಕ್ಕಳ ಸಾಲಿನದು. "ತಡೀರಿ, ತಿನ್ನಬ್ಯಾಡ್ರಿ, ಎಲ್ಲಾರೂ ಮ್ಯಾಲೆತ್ತಿ ಹಿಡೀರಿ" ಎಂದು ಹಸಿದ ಮಕ್ಕಳಿಗೆ ಹೇಳಿದ ಬಾಯಿ ಇದು. ಒಂದು ದಿನ ನಮ್ಮ ಕಿರಿಯ ಸಹೋದ್ಯೋಗಿಯೊಬ್ಬರು, ಬೆಂಗಳೂರಿನ ಸಂಚಾರ ಪೊಲೀಸರು ಎದೆಗೆ ಕ್ಯಾಮರಾ ಹಾಕಿಕೊಳ್ಳುತ್ತಾರಲ್ಲ, ಅಂಥದೊಂದು ನಮಗೂ ಇದ್ದರೆ ಮಕ್ಕಳನ್ನು ಹೀಗೆ ನಿಲ್ಲಿಸುವ ಗೋಜೇ ಇರುವುದಿಲ್ಲ, ತಾನೇ ಎಲ್ಲ ದಾಖಲಾಗುತ್ತದೆ ಎಂದರು. ಮಾತು ಸರಿಯೆನಿಸಿತು. ಪೊಲೀಸರು ಮತ್ತು ನಾಗರಿಕರ ನಡುವೆ ತಕರಾರು ಬಂದಾಗ ಅದು ಇಬ್ಬರಿಗೂ ಸಾಕ್ಷಿ. ನಾನೇನೂ ಅದಕ್ಕೆ ಎದುರಿಲ್ಲ.

ಆದರೆ ಆ ವಾರವೇ ತತ್ತಿಯ ದಿನ ಒಬ್ಬ ಹುಡುಗಿ ಸಾಲಿನ ಕೊನೆಗೆ ಬಂದು ನಿಂತಳು. ಅವರ ಮನೆಯಲ್ಲಿ ತತ್ತಿ ತಿನ್ನುವುದಿಲ್ಲ. ಯಾದಿಯಲ್ಲಿ ಅವಳ ಹೆಸರಿನ ಮುಂದೆ ಬಾಳೆಹಣ್ಣು ಎಂದಿದೆ. ಸುತ್ತ ಯಾರೂ ಇಲ್ಲದ್ದು ನೋಡಿ, ದನಿ ಇಳಿಸಿ, "ಅಕ್ಕೋರ, ಒಂದ ತತ್ತಿ ಕೊಡ್ರಿ, ಮನ್ಯಾಗ ಹೇಳಬ್ಯಾಡ್ರಿ" ಅಂದಳು. ನಾನು ಕೊಟ್ಟೆನೋ ಇಲ್ಲವೋ ಅದು ನನಗೂ ಆ ಕೂಸಿಗೂ ಇರಲಿ. ಎದೆಯ ಮೇಲೆ ಕ್ಯಾಮರಾ ಇದ್ದಿದ್ದರೆ ಅವಳು ಆ ಮಾತನ್ನು ನನಗೆ ಹೇಳುತ್ತಿರಲಿಲ್ಲ. ಅದು ಕ್ಯಾಮರಾ ಎಂದು ತಿಳಿಯದಿದ್ದರೆ ಹೇಳುತ್ತಿದ್ದಳು. ಎರಡನೆಯದು ಹೆಚ್ಚು ಕೆಟ್ಟದ್ದು. 2023ರಲ್ಲಿ ದೇಶಕ್ಕೆ ವೈಯಕ್ತಿಕ ಮಾಹಿತಿಯ ರಕ್ಷಣೆಗೆಂದು ಒಂದು ಕಾಯಿದೆ ಬಂದಿದೆ, ಮಕ್ಕಳ ಮಾಹಿತಿಗೆ ತಂದೆತಾಯಿಯ ಒಪ್ಪಿಗೆ ಬೇಕೆನ್ನುತ್ತದೆ. ಮನೆಯೊಳಗಿನ, ಸ್ವಂತದ ಬಳಕೆಗೆ ಅದು ಅನ್ವಯವಾಗುವುದಿಲ್ಲ. ನಮ್ಮ ಹೊಲದ ಊಟ ಅದರ ಕಣ್ಣಿಗೆ ಬೀಳುವಂಥದ್ದಲ್ಲ. ಈ ಹುಡುಗಿಯ ಗುಟ್ಟೋ, ಯಾರಿಂದ ಮುಚ್ಚಿಡಬೇಕೋ ಅವರದೇ ಒಪ್ಪಿಗೆಯ ಕೆಳಗೆ ಬರುತ್ತದೆ.

ಮಗ ಇದನ್ನೆಲ್ಲ ಕೇಳಿ, "ಹಂಗಾದ್ರ ಸಹಜ ಫೋಟೋನೇ ಬ್ಯಾಡ ಅಂತೀಯೇನವ್ವಾ?" ಎಂದ. ಬೇಕು ಅಂದೆ. ಮೈಸೂರಿನ ಟಿ.ಎಸ್. ಸತ್ಯನ್ ಅವರ ಚಿತ್ರಗಳನ್ನು ತೋರಿಸಿದೆ. 1923ರಲ್ಲಿ ಹುಟ್ಟಿ 2009ರಲ್ಲಿ ತೀರಿಕೊಂಡವರು. ಪದ್ಮಶ್ರೀ ಬಂದದ್ದು 1977ರಲ್ಲಿ. 1979ರ ಅಂತಾರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳ ಪ್ರದರ್ಶನ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಆಯಿತು. ದೊಡ್ಡವರನ್ನೂ ತೆಗೆದಿದ್ದಾರೆ, ಆದರೆ ಅವರ ಹೆಸರು ಉಳಿದದ್ದು ಸಾಮಾನ್ಯರ ಚಿತ್ರಗಳಿಂದ. ಅವರ ಕಪ್ಪು ಬಿಳುಪಿನ ಮಕ್ಕಳು ಬಿಗಿದುಕೊಂಡಿಲ್ಲ, ಕದ್ದು ತೆಗೆದವರ ಹಾಗೆಯೂ ಕಾಣುವುದಿಲ್ಲ. ಕೊರಳಲ್ಲಿ ಕ್ಯಾಮರಾ ಎಲ್ಲರಿಗೂ ಕಾಣುವಂತೆ ಇಟ್ಟುಕೊಂಡೇ, ಮಕ್ಕಳಿಗೆ ಅದರ ಪರಿವೆ ಹೋಗುವ ತನಕ ಆ ಮನುಷ್ಯ ಅಲ್ಲೇ ಇದ್ದಿರಬೇಕು ಅನ್ನಿಸುತ್ತದೆ. ಮಗ ಬಹಳ ಹೊತ್ತು ನೋಡಿದ. "ಅಷ್ಟ ಹೊತ್ತು ಯಾರಿಗೈತಿ?" ಅಂದ. ಅವನಿಗೆ ಮೂರು ದಿನ ರಜೆ ಇತ್ತು, ಅದರಲ್ಲಿ ಒಂದು ದಿನ ಬಸ್ಸಿನಲ್ಲಿ.

ನನಗೇ ಎಷ್ಟು ಹೊತ್ತು ಇತ್ತು? ಆಯಿಯ ಕೈಯ ಮಡಿಕೆ ನಾನು ನೋಡಿದ್ದು ವಿಡಿಯೋದಲ್ಲಿ.

2025ರ ಶ್ರಾವಣದಲ್ಲಿ ಆಯಿ ತೀರಿಕೊಂಡರು. ನಾಲ್ಕೇ ದಿನದ ಜ್ವರ. ಗೋಡೆಗೆ ಹಾಕುವ ಫೋಟೋಕ್ಕೆಂದು ಎರಡೂ ವಿಡಿಯೋ ಒಯ್ದು ಸ್ಟುಡಿಯೋದವನಿಗೆ ತೋರಿಸಿದೆವು. ಕನ್ನಡಕದ್ದನ್ನು ಅವನು ಹಿಂದೆ ಮುಂದೆ ಓಡಿಸಿ ನೋಡಿ, "ಇದರಾಗ ಅಜ್ಜಿ ಒಮ್ಮೆನೂ ನಮ್ ಕಡೆ ನೋಡಿಲ್ರಿ" ಎಂದ. ನಿಜ. ಮೊಮ್ಮಗನ ಬಾಯಿ ನೋಡುತ್ತಾರೆ, ತಾಟು ನೋಡುತ್ತಾರೆ, ಬುಟ್ಟಿ ನೋಡುತ್ತಾರೆ. ನನ್ನ ಫೋನಿನದರಿಂದಲೇ ತೆಗೆದು ದೊಡ್ಡದು ಮಾಡಿಕೊಟ್ಟ. ತಲೆತುಂಬ ಸೆರಗು ಹೊದ್ದು, ಕೈ ಮೈಗೆ ಹಚ್ಚಿ, ಸುರು ಆಯಿತೇನು ಎಂದು ಕೇಳುವ ಮೊದಲಿನ ಮುಖ.

ಮೈದುನ ಬಂದಿದ್ದ, ಹೆಂಡತಿ ಮಕ್ಕಳೊಂದಿಗೆ. ಮಣ್ಣಿಗೂ ಬಂದಿದ್ದ, ದಿನಕ್ಕೂ ಬಂದ. ದಿನದ ರಾತ್ರಿ ಎಲ್ಲರೂ ಮಲಗಿದ ಮೇಲೆ ನಾನು ಪಡಸಾಲೆಯಲ್ಲಿ ತಾಟು ಎಣಿಸುತ್ತಿದ್ದೆ. ಪಕ್ಕದಲ್ಲಿ ಬಂದು ಕೂತ. "ವೈನಿ, ಆ ಎಳ್ಳ ಅಮಾಸಿದು ಐತೇನ್ರಿ?" ನಾನು ನನ್ನ ಫೋನಿನದು ತೆಗೆದೆ. "ಇದಲ್ರಿ, ಅದು" ಅಂದ.

ಅಳಿಸಿದ್ದು ಗುಂಪಿನಿಂದ ಮಾತ್ರ. ಹಚ್ಚಿಕೊಟ್ಟೆ. ಕಡುಬಿನ ಕೈ ಬಂತು, ಹೋಯಿತು. ತಾಟು ಬಂತು, ರೊಟ್ಟಿಯ ಸದ್ದು ಸುರುವಾಯಿತು. ಆ ಮಾತು ಬರುವ ಹೊತ್ತಾಯಿತೆಂದು ನಾನು ಮುಗಿಸಲು ಬೆರಳು ಮುಂದೆ ಮಾಡಿದೆ. ಅವನು ನನ್ನ ಕೈಯಿಂದ ಫೋನು ಇಸಿದುಕೊಂಡು ಕಿವಿಯ ಹತ್ತಿರ ಹಿಡಿದ. "ದನಿ ಜೋರ ಮಾಡೂದು ಎಲ್ಲೈತ್ರಿ?" ಎಂದು ಕೇಳಿದ.